ಎಡಹುರಿ

ಬಣ್ಣದ ಹಂಡೆಯ ಹತ್ತಿರ ಜಗಳವಾಡಬಾರದು ಎಂದು ನನ್ನ ಮಗನಿಗೆ ಚಿಕ್ಕಂದಿನಿಂದಲೇ ಹೇಳಿಕೊಟ್ಟಿದ್ದೆ. ಕೆಂಪು ಬಣ್ಣಕ್ಕೆ ಸಿಟ್ಟು ಆಗಿಬರುವುದಿಲ್ಲ, ಉಣ್ಣೆ ಕಂದಿ ಕೂತುಬಿಡುತ್ತದೆ. ನಮ್ಮೂರಿನ ಹೆಂಗಸರೆಲ್ಲ ನಂಬುವ ಮಾತು ಇದು. ಹಂಡೆಯ ಹತ್ತಿರ ಹೆಂಡತಿಗೆ ಹೊಡೆಯಬಾರದು ಎಂದು ಮಾತ್ರ ಹೇಳಿಕೊಟ್ಟಿರಲಿಲ್ಲ. ಅದನ್ನೂ ಬಿಡಿಸಿ ಹೇಳಬೇಕು ಅಂತ ಯಾರಿಗೆ ಹೊಳೆಯುತ್ತದೆ?

ನನ್ನ ಹೆಸರು ಬಸಿಲಿಯಾ. ಗಂಡ ಸತ್ತು ಹನ್ನೊಂದು ವರ್ಷವಾಯಿತು. ಮನೆಯಲ್ಲಿ ಇರುವವರು ನಾನು, ಮಗ ನಸಾರಿಯೋ, ಸೊಸೆ ಲೂಸ್ಮಿಲಾ, ಒಂಬತ್ತು ವರ್ಷದ ಮೊಮ್ಮಗಳು ಡೆಲ್ಫಿ. ಹಿತ್ತಲಲ್ಲಿ ಹದಿನಾಲ್ಕು ಕುರಿ, ಅಡಿಗೆಮನೆಯ ಮೂಲೆಯಲ್ಲಿ ಗಿನಿಹಂದಿಗಳು. ನೂಲಿನ ವ್ಯಾಪಾರ ಶುರುಮಾಡಿದ್ದು ಲೂಸ್ಮಿಲಾ. ಅವಳು ನೂತ ಉಣ್ಣೆಗೆ ನಾವಿಬ್ಬರೂ ಬಣ್ಣ ಹಾಕಿ, ಲಡಿ ಕಟ್ಟಿ ಊರಿನ ನೇಯುವ ಹೆಂಗಸರಿಗೂ ಕುಸ್ಕೋ ಪಟ್ಟಣದ ಒಂದು ಅಂಗಡಿಗೂ ಕೊಡುತ್ತಿದ್ದೆವು.

ಆ ಹುಡುಗಿಯ ಕೈಯೇ ಕೈ. ನಡೆಯುವಾಗ ನೂಲುತ್ತಾಳೆ, ಕುರಿ ಅಟ್ಟುವಾಗ ನೂಲುತ್ತಾಳೆ, ನನ್ನ ಹತ್ತಿರ ಬೈಸಿಕೊಳ್ಳುವಾಗಲೂ ಕದಿರು ಕೈಯಲ್ಲಿ ತಿರುಗುತ್ತಲೇ ಇರುತ್ತಿತ್ತು. ಪಾಪಾಸುಕಳ್ಳಿಯ ಮೇಲಿಂದ ಆರಿಸಿದ, ಕೆಂಪು ಬಣ್ಣ ಕೊಡುವ ಹುಳುವನ್ನು ಅಂಗೈಯಲ್ಲಿ ಅರೆದು, ಒಂದು ಹನಿ ನಿಂಬೆರಸ ಬಿಟ್ಟು, "ನೋಡಿ ಅತ್ತೆ, ಕಿತ್ತಳೆ ಬಂತು," ಎನ್ನುವಳು. ಮೇಲೆ ಚಿಟಿಕೆ ಬೂದಿ ಹಾಕಿ, "ಈಗ ನೋಡಿ, ನೇರಳೆ!" ಹತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು, ಹತ್ತು ವರ್ಷದಿಂದ ಹಾಗೇ ನಗುತ್ತಿದ್ದಳು. ನನಗೂ ಅವಳ ಅಂಗೈ ನೋಡುವುದು ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮಲ್ಲಿ ಹೆಣಿಗೆ ಗಂಡಸರ ಕೆಲಸ. ಹುಟ್ಟಿದ ಮಗುವಿನ ಮೊದಲ ಟೋಪಿಯನ್ನು ಅಪ್ಪನೇ ಹೆಣೆಯಬೇಕು. ನಸಾರಿಯೋ ಡೆಲ್ಫಿಗೆ ಹೆಣೆದ ಟೋಪಿಯಲ್ಲಿ ಅರವತ್ತು ಹಕ್ಕಿಗಳಿದ್ದವು, ನೀರು ಹೊಯ್ದರೂ ಸೋರುತ್ತಿರಲಿಲ್ಲ. ಸೈಕಲ್ಲಿನ ತಂತಿಯನ್ನು ಮಸೆದು ಮಾಡಿಕೊಂಡ ಐದು ಕಡ್ಡಿಗಳು ಅವನವು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕೈಕೆಲಸ ಅಷ್ಟು ನಯ, ಕೈ ಮಾತ್ರ ಅವನ ಅಪ್ಪನದೇ.

ಮೇ ತಿಂಗಳ ಒಂದು ಸೋಮವಾರ. ಹಂಡೆ ಕುದಿಯುತ್ತಿತ್ತು, ಲೂಸ್ಮಿಲಾ ಕೋಲಿನಿಂದ ಕಲಕುತ್ತಿದ್ದಳು. ನಸಾರಿಯೋ ಪಟ್ಟಣದಿಂದ ಬಂದು ಹೆಗಲ ಚೀಲವನ್ನು ನೆಲಕ್ಕೆ ಎಸೆದ. ಒಯ್ದ ಟೋಪಿಗಳೆಲ್ಲ ಅದರಲ್ಲೇ ಇದ್ದವು.

"ಟೋಪಿ ಬೇಡ್ವಂತೆ," ಎಂದ. "ಪರದೇಶದ ಹೆಂಗಸರು ಈಗ ತಾವೇ ಹೆಣ್ಕೋತಾರಂತೆ. ನಿನ್ನ ಹೆಂಡ್ತಿ ನೂಲು ಮಾತ್ರ ತಂದ್ಕೊಡು ಅಂದ್ಲು ಅಂಗಡಿಯವಳು. ಅಲ್ಲಿದ್ದೋರೆಲ್ಲ ನಕ್ಕರು."

ಲೂಸ್ಮಿಲಾ ತಲೆ ಎತ್ತಿದಳು. ಮುಖ ಅರಳಿತ್ತು. "ಹೌದಾ? ಎಷ್ಟು ಲಡಿ ಬೇಕಂತೆ?"

ಕೇಳಿದ್ದು ಅಷ್ಟೇ. ಅವಳ ಕೈಯಲ್ಲಿದ್ದ ಕೋಲನ್ನು ಕಿತ್ತುಕೊಂಡ.

"ಎಷ್ಟು ಲಡಿನಾ? ನಾನು ನಿನ್ನ ಕತ್ತೆ ಏನೇ, ಹೊರೋಕೆ?"

ಮೊದಲ ಏಟು ಹೆಗಲಿಗೆ ಬಿತ್ತು, ಎರಡನೆಯದು ಸೊಂಟಕ್ಕೆ. ಮೂರನೆಯದಕ್ಕೆ ಅವಳು ಬಲಗೈ ಅಡ್ಡ ತಂದಳು. ಒಣಗಿದ ಪುಳ್ಳೆ ಮುರಿದ ಹಾಗೆ ಸದ್ದಾಯಿತು. ಅವಳು ಒಲೆಯ ಕಲ್ಲಿನ ಮೇಲೆ ಬಿದ್ದಳು, ಹಂಡೆ ಅಲುಗಿ ಕೆಂಪು ನೀರು ತುಳುಕಿತು.

"ಏಯ್, ಹಂಡೆ! ಹಂಡೆ ಉರುಳಿಸ್ತೀಯಲ್ಲೋ!" ಎಂದು ಕೂಗಿದೆ.

ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಮೊದಲು ನೋಡಿದ್ದೂ ಹಂಡೆಯನ್ನೇ. ಆಮೇಲೆ ಸೊಸೆಯ ಕಡೆ ತಿರುಗಿದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮೂಳೆ ಕಟ್ಟುವ ಹಿಲಾರಿಯೋನನ್ನು ಮನೆಗೇ ಕರೆಸಿದೆ. "ಅಟ್ಟದ ಏಣಿ ಮೇಲಿಂದ ಬಿದ್ಲು," ಎಂದೆ. ಅವನು ಅವಳ ಹೆಗಲ ಮೇಲಿನ ಬಾಸುಂಡೆ ನೋಡಿದ, ನನ್ನನ್ನು ನೋಡಿದ.

"ಒಳ್ಳೇ ಏಣಿ ಇಟ್ಕೊಂಡಿದ್ದೀಯ, ಬಸಿಲಿಯಾ," ಎಂದು ಪಟ್ಟಿ ಬಿಗಿದು, ಕೂಲಿಗೆ ಒಂದು ಹಿಡಿ ಕೋಕಾ ಎಲೆ ಈಸಿಕೊಂಡು ಹೋದ. ಆಚೆ ಯಾರಿಗೂ ಏನೂ ಹೇಳಲಿಲ್ಲ. ಗಂಡಸರು ಗಂಡಸರ ಗುಟ್ಟು ಚೆನ್ನಾಗಿ ಕಾಯುತ್ತಾರೆ.

ಡೆಲ್ಫಿ ಬಾಗಿಲಲ್ಲಿ ನಿಂತಿದ್ದಳು. "ಅಜ್ಜಿ, ಅವ್ವ ಏಣಿ ಹತ್ತೇ ಇರ್ಲಿಲ್ವಲ್ಲ."

"ನೀನು ಕುರಿ ಹೊಡ್ಕೊಂಡು ಹೋಗು. ದೊಡ್ಡೋರ ಮಾತು ನಿನಗ್ಯಾಕೆ?"

ನಾನು ಮುಚ್ಚಿಟ್ಟಿದ್ದಕ್ಕೆ ಕಾರಣವಿತ್ತು. ನಮ್ಮಲ್ಲಿ ಗಂಡ ಹೆಂಡಿರ ಹೊಡೆದಾಟ ಊರ ಸಭೆಗೆ ಹೋದರೆ, ಮದುವೆಗೆ ಧರ್ಮದ ತಂದೆತಾಯಿಯಾಗಿ ನಿಂತವರು ಮೂರು ಬಾಲದ ಚಾಟಿ ಹಿಡಿಯುತ್ತಾರೆ. ಅಂಥದೊಂದು ಚಾಟಿ ಪ್ರತಿ ಮನೆಯ ಬಾಗಿಲ ಮೇಲೂ ತೂಗುತ್ತಿರುತ್ತದೆ. ಹೊಡೆದವನಿಗೂ ಬೀಳುತ್ತದೆ, ಹೊಡೆಸಿಕೊಂಡವಳಿಗೂ ಬೀಳುತ್ತದೆ. ನನಗೆ ಇಪ್ಪತ್ತೆರಡು ವರ್ಷವಿದ್ದಾಗ ಗಂಡ ಎರಡು ಹಲ್ಲು ಉದುರಿಸಿದ್ದ. ದೂರು ಕೊಟ್ಟೆ. ಅವನಿಗೆ ಆರು ಬಿತ್ತು, ಮನೆಯ ಮಾತು ಬೀದಿಗೆ ತಂದಿದ್ದಕ್ಕೆ ನನಗೆ ಮೂರು. ಆ ಮೇಲೆ ಅವನು ಸಾಯುವ ತನಕ ನಾನು ಬಾಯಿ ಬಿಡಲಿಲ್ಲ.

ಲೂಸ್ಮಿಲಾಗೂ ಅದನ್ನೇ ಹೇಳಿದೆ. "ಬಾಯಿ ಬಿಟ್ರೆ ನಿನ್ನ ಬೆನ್ನಿಗೂ ಬೀಳ್ತದೆ. ಕೈ ಕೂಡ್ಕೊಳ್ಳೋವರೆಗೂ ತಡ್ಕೋ."

"ನನ್ನ ಬೆನ್ನು ಉಳಿಸ್ತಾ ಇದ್ದೀರೋ, ಮಗನ್ನ ಉಳಿಸ್ತಾ ಇದ್ದೀರೋ ಅತ್ತೆ?"

ನಾನು ಎದ್ದು ಹೋಗಿ ಗಿನಿಹಂದಿಗಳಿಗೆ ಹುಲ್ಲು ಹಾಕಿದೆ.

ಒಂದು ವಾರ ಮನೆ ತಣ್ಣಗಿತ್ತು. ಎರಡನೆಯ ವಾರ ಮತ್ತೆ ಶುರುವಾಯಿತು. ಒಂದೇ ಕೈಯಲ್ಲಿ ಆಲೂಗಡ್ಡೆ ಸುಲಿದರೆ ಊಟ ಹೊತ್ತಿಗೆ ಆಗುತ್ತದೆಯೇ? ನಸಾರಿಯೋ ತಟ್ಟೆಯ ಮುಂದೆ ಕೂತು ಕಾಯುತ್ತಿದ್ದ.

"ಇದು ಸಾರಾ, ಪಾತ್ರೆ ತೊಳೆದ ನೀರಾ?"

"ಉಪ್ಪು ಮೇಲಿದೆ. ಕೈ ಎಟುಕಲಿಲ್ಲ. ನೀನೇ ತಗೊ."

ಬಿಸಿ ಸಾರಿನ ಬಟ್ಟಲು ಅವಳ ಎದೆಗೆ ಬಿತ್ತು. ಡೆಲ್ಫಿ ಚೀರಿದಳು. ನಾನು ಲೂಸ್ಮಿಲಾಳ ಕುಪ್ಪಸ ಸಡಿಲಿಸಿ ತಣ್ಣೀರು ಹಚ್ಚುತ್ತ, "ಉಪ್ಪು ಕೆಳಗಿಟ್ರೆ ಏನು ಹೋಗ್ತಿತ್ತು ನಿಂಗೆ?" ಎಂದು ಅವಳನ್ನೇ ಬೈದೆ. ಮಗ ಬೇಯಿಸಿದ ಜೋಳವನ್ನು ಮುಷ್ಟಿಯಲ್ಲಿ ತೆಗೆದುಕೊಂಡು ಅಂಗಳದಲ್ಲಿ ಕೂತು ತಿಂದ.

ಅಷ್ಟರಲ್ಲಿ ಎವಾರಿಸ್ತಕ್ಕ ಹೇಳಿಕಳಿಸಿದಳು. ಇವರ ಮದುವೆಗೆ ಧರ್ಮತಾಯಿಯಾಗಿ ನಿಂತವಳು ಅವಳೇ, ಊರಿನ ದೊಡ್ಡ ನೇಕಾರಳು. ಅವಳ ಮಗಳಿಗೆ ದಿನ ತುಂಬುತ್ತಿತ್ತು. ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಶಾಲಿಗೆ ಹದಿನೈದು ಲಡಿ ಕೆಂಪು ನೂಲು ನಾವು ಕೊಡಬೇಕಿತ್ತು. "ಭಾನುವಾರದೊಳಗೆ ಬರದಿದ್ರೆ ನಾನೇ ಬರ್ತೀನಿ. ಲೂಸ್ಮಿಲಾ ಜೊತೆ ಕೂತು ಇಬ್ಬರೂ ನೂತು ಮುಗಿಸ್ತೀವಿ," ಅಂತ ಅವಳ ಮಾತು.

ನಸಾರಿಯೋನ ಮುಖ ಬಿಳಿಚಿಕೊಂಡಿತು. "ಆ ಮುದುಕಿ ಈ ಹೊಸಿಲು ತುಳೀಬಾರ್ದು. ಎಡಗೈ ಇದೆಯಲ್ಲ, ನೂಲು."

ಲೂಸ್ಮಿಲಾ ನೂತಳು. ಮೊದಲ ದಿನ ಎಳೆ ಮತ್ತೆ ಮತ್ತೆ ಕಡಿಯಿತು. ಎರಡನೆಯ ದಿನ ಕದಿರು ನೆಟ್ಟಗೆ ನಿಂತು ತಿರುಗಿತು. ಪಟ್ಟಿ ಕಟ್ಟಿದ ಕೈಯ ಬೆರಳ ತುದಿಯಲ್ಲಿ ಉಣ್ಣೆ ಹಿಡಿದು, ಎಡಗೈಯಲ್ಲಿ ಕದಿರು ಚಿಮ್ಮಿಸುತ್ತಿದ್ದಳು. ಎಳೆ ಸಣ್ಣಗೆ, ಒಂದೇ ಸಮನೆ ಬಂತು. ನಾನು ಖುಷಿಯಿಂದ ಮುಟ್ಟಿದೆ, ಮುಟ್ಟಿದ ಕೂಡಲೇ ಬೆರಳು ಹಿಂದೆ ಎಳೆದುಕೊಂಡೆ.

"ಇದು ಎಡಹುರಿ ಕಣೇ!"

"ಎಡಗೈಯಲ್ಲಿ ತಿರುಗಿಸಿದ್ರೆ ಎಡಕ್ಕೇ ತಿರುಗೋದು ಅತ್ತೆ. ಬಲಕ್ಕೆ ತಿರುಗಿಸೋಕೆ ನೋಡಿದೆ, ಆಗಲಿಲ್ಲ."

ನಮ್ಮ ನೂಲೆಲ್ಲ ಬಲಕ್ಕೆ ಹುರಿಗೊಂಡಿರುತ್ತದೆ. ಎಡಹುರಿಯನ್ನು ಬೇಕೆಂದೇ ನೂಲುವುದು ಎರಡೇ ಕೆಲಸಕ್ಕೆ: ಕೆಟ್ಟದ್ದು ತಾಗದಂತೆ ಬಸುರಿಯ ಮಣಿಕಟ್ಟಿಗೆ ಒಂದು ಎಳೆ, ಮಣ್ಣಿಗೆ ಹೋಗುವ ಹೆಣದ ಸೊಂಟಕ್ಕೆ ಒಂದು ಹಗ್ಗ. ಲಡಿಗಟ್ಟಲೆ ಅದನ್ನು ನೂತವರನ್ನು ನಾನು ಕಂಡಿಲ್ಲ. ನಾನೇ ನೂಲೋಣವೆಂದರೆ ನನ್ನ ಬೆರಳು ಗಂಟುಗಂಟಾಗಿವೆ, ಬರುವುದು ಕತ್ತೆ ಕಟ್ಟುವ ಹಗ್ಗ.

"ಎವಾರಿಸ್ತಕ್ಕನಿಗೆ ಇದನ್ನ ಕೊಡಬೇಡಿ," ಎಂದಳು ಲೂಸ್ಮಿಲಾ. "ಹುಟ್ಟೋ ಮಗೂನ ಸುತ್ತೋ ಬಟ್ಟೆ ಅದು."

"ಬಣ್ಣದಲ್ಲಿ ಮುಚ್ಚಿ ಹೋಗ್ತದೆ. ಸುಮ್ನಿರು."

ಬಣ್ಣ ಹಾಕಿದ್ದು ನಾನೇ. ಪಟಿಕ ಹಾಕಿದೆ, ಹುಳು ಅರೆದೆ, ನಿಂಬೆರಸ ಹಿಂಡಿದೆ. ಅಂಥ ಕೆಂಪು ನನ್ನ ಜೀವಮಾನದಲ್ಲಿ ಹಿಡಿದಿರಲಿಲ್ಲ. ಹಳೆಯ ಬಲಹುರಿಯ ಮೂರು ಲಡಿ ಮೇಲಿಟ್ಟು, ಹೊಸ ಹನ್ನೆರಡನ್ನು ಕೆಳಗೆ ಸೇರಿಸಿ, ಗಂಟು ಕಟ್ಟಿ ಡೆಲ್ಫಿಯ ಬೆನ್ನಿಗೆ ಹೊರಿಸಿದೆ.

"ಅವ್ವ ಎಲ್ಲಿ ಅಂತ ಕೇಳಿದ್ರೆ?"

"ಅಟ್ಟದ ಏಣಿಯಿಂದ ಬಿದ್ದವಳೆ, ಸ್ವಲ್ಪ ಉಳುಕಿದೆ ಅನ್ನು."

"ಸುಳ್ಳು ಹೇಳಿದ್ರೆ ನಾಲಿಗೇಲಿ ಹುಣ್ಣಾಗ್ತದೆ ಅಂತ ನೀನೇ ಹೇಳಿದ್ದೆ."

"ಹೋಗ್ತೀಯೋ ಇಲ್ವೋ?"

ಹೋದಳು. ಹೋಗಿ ಹಾಗೇ ಹೇಳಿ ಬಂದಳು. ಮೂರು ದಿನ ಏನೂ ಆಗಲಿಲ್ಲ. ನಸಾರಿಯೋ ಸಮಾಧಾನವಾಗಿ ಗೋಡೆಗೆ ಒರಗಿ ಹೊಸ ಟೋಪಿ ಎತ್ತಿಕೊಂಡ. ನಾನೂ ಎರಡು ತುತ್ತು ಹೆಚ್ಚು ಉಂಡೆ.

ಬುಧವಾರ ಬೆಳಿಗ್ಗೆ ಹಳದಿ ಹೂ ಹಾಕಿದ ಬಣ್ಣದ ಹಂಡೆ ಕುದಿಯುತ್ತಿದ್ದಾಗ ಎವಾರಿಸ್ತಕ್ಕ ಬಂದಳು. ಹಿಂದೆ ಅವಳ ಇಬ್ಬರು ತಂಗಿಯರು. ಒಳಗೆ ಕಾಲಿಡಲಿಲ್ಲ. ಹನ್ನೆರಡು ಲಡಿಗಳನ್ನೂ ಒಂದೊಂದಾಗಿ ಹೊಸಿಲಿಗೆ ಎಸೆದಳು.

"ಯಾರು ಸತ್ತಿರೋದು ಈ ಮನೇಲಿ?"

"ಅಯ್ಯೋ ಅಕ್ಕ, ಏನು ಮಾತು..."

"ಮಗ್ಗಕ್ಕೆ ಹಾಸು ಹೂಡೋಕೆ ಕೂತೆ, ಬಸಿಲಿಯಾ. ನನ್ನ ನೂಲಿನ ಜೊತೆ ಸೇರಿಸಿದ್ರೆ ಹಾವಿನ ಹಾಗೆ ಸುರುಳಿ ಸುತ್ಕೊಳ್ತು. ಮುಟ್ಟಿ ನೋಡ್ದೆ. ನನ್ನ ಮಗಳ ಮಗೂಗೆ ಹೆಣದ ನೂಲು ಕಳಿಸಿದ್ದೀಯ! ಮೇಲೆ ಮೂರು ಒಳ್ಳೇದು ಇಟ್ಟು ಮುಚ್ಚಿದ್ದೀಯ! ಯಾರು ಸತ್ತವರೆ ಹೇಳು. ನೂತವಳೋ? ಎಲ್ಲಿ ಅವಳು?"

ಲೂಸ್ಮಿಲಾ ಹಂಡೆಯ ಹಿಂದಿನಿಂದ ಎದ್ದು ನಿಂತಳು. ಎವಾರಿಸ್ತಕ್ಕ ಪಟ್ಟಿ ಕಟ್ಟಿದ ಕೈ ನೋಡಿದಳು, ಸುಟ್ಟ ಎದೆ ನೋಡಿದಳು. ದನಿ ಇಳಿಯಿತು.

"ಉಳುಕಿದ್ದಾ ಇದು?"

"ಏಣಿ," ಎಂದೆ ನಾನು. ಆಗಲೂ ಏಣಿ ಎಂದೇ ಅಂದೆ.

ನಸಾರಿಯೋ ಕಡ್ಡಿಗಳನ್ನು ಎಸೆದು ಎದ್ದ. "ಬೇಕಂತಲೇ ನೂತವಳೆ! ಮಾಟಗಾತಿ! ನನ್ನ ಮರ್ಯಾದೆ ಕಳೀಬೇಕು ಅಂತ ಊರಿಗೆಲ್ಲ ಹೆಣದ ನೂಲು ಹಂಚವಳೆ!" ಎನ್ನುತ್ತ ಅವಳ ಎರಡೂ ಜಡೆಗಳನ್ನು ಮುಷ್ಟಿಗೆ ಸುತ್ತಿಕೊಂಡು ಹಂಡೆಯ ಕಡೆಗೆ ಎಳೆದ. "ಬಾ, ನಿನ್ನ ಮೋರೆಗೇ ಬಣ್ಣ ಹಾಕ್ತೀನಿ."

ಅವಳ ತಲೆಯನ್ನು ಕುದಿಯುವ ನೀರಿನ ಮೇಲೆ ಒತ್ತಿದ. ಜಡೆಯ ತುದಿ ಅದ್ದಿತು. ಅವಳು ಎಡಗೈಯಲ್ಲಿ ಹಂಡೆಯ ಕಂಠ ಹಿಡಿದು ತಡೆದಳು, ಅಂಗೈ ಸುಡುವ ವಾಸನೆ ಬಂತು. ಹೆಂಗಸರು ಕೂಗಿಕೊಂಡು ಓಡಿ ಬಂದರು. ಅವರಿಗಿಂತ ಮೊದಲು ಕಲ್ಲು ಬಂತು.

ಡೆಲ್ಫಿ ಕುರಿದೊಡ್ಡಿಯ ಬಳಿ ಕವಣೆ ಹಿಡಿದು ನಿಂತಿದ್ದಳು. ಇಪ್ಪತ್ತು ಮಾರು ದೂರದಲ್ಲಿ ತಪ್ಪಿಸಿಕೊಂಡ ಕುರಿಯ ಕೊಂಬಿಗೆ ಹೊಡೆಯುವ ಹುಡುಗಿ. ಕಲ್ಲು ಅಪ್ಪನ ಕಿವಿಯ ಕೆಳಗೆ ಬಡಿದು ರಕ್ತ ಚಿಲ್ಲನೆ ಹಾರಿತು. ಅವನು ಜಡೆ ಬಿಟ್ಟು ಮಂಡಿಯೂರಿದ. ಮರುಗಳಿಗೆ ಎದ್ದು ಓಡಿ ಮಗಳನ್ನು ಹಿಡಿದ.

"ಹೆತ್ತಪ್ಪನ ಮೇಲೆ ಕಲ್ಲು ಬೀಸ್ತೀಯೇನೇ?"

ಕವಣೆಯ ಹಗ್ಗವನ್ನೇ ಅವಳ ಕುತ್ತಿಗೆಗೆ ಸುತ್ತಿ ಎತ್ತಿದ. ಮಗುವಿನ ಕಾಲು ನೆಲ ಬಿಟ್ಟವು. ಅರವತ್ತು ಹಕ್ಕಿಯ ಟೋಪಿ ಹೆಣೆದ ಕೈ ಅದು.

ಬಾಗಿಲ ಮೇಲಿನ ಮೊಳೆಯಿಂದ ಚಾಟಿ ಯಾವಾಗ ಕಿತ್ತುಕೊಂಡೆನೋ ಗೊತ್ತಿಲ್ಲ. ಬಾಲಗಳ ಕಡೆಯಿಂದಲ್ಲ, ಹಿಡಿಯ ಕಡೆಯಿಂದ ಹೊಡೆದೆ. ಮರದ ಹಿಡಿ ಅದು. ಅವನ ಮೂಗಿಗೆ ಒಂದು, ಹಲ್ಲಿಗೆ ಒಂದು. ನಲವತ್ತು ವರ್ಷದಲ್ಲಿ ನಾನು ಅವನ ಮೇಲೆ ಕೈ ಎತ್ತಿದ್ದು ಅದೇ ಮೊದಲು. ಅವನು ಮಗುವನ್ನು ಬಿಟ್ಟು, "ಅವ್ವಾ?" ಎಂದ. ಎವಾರಿಸ್ತಕ್ಕ ಅವನ ಬೆನ್ನ ಮೇಲೆ ಬಿದ್ದಳು, ತಂಗಿಯರು ಕಾಲ ಮೇಲೆ ಕೂತರು. ಕಟ್ಟಲು ಹಗ್ಗ ಹುಡುಕಲಿಲ್ಲ. ಹೊಸಿಲಲ್ಲಿ ಬಿದ್ದಿದ್ದ ಎಡಹುರಿಯ ಲಡಿಗಳನ್ನೇ ಬಿಚ್ಚಿ ಅವನ ಕೈಕಾಲು ಕಟ್ಟಿದರು. ಚೆನ್ನಾಗಿ ನೂತ ನೂಲು, ಒಂದೆಳೆಯೂ ಹರಿಯಲಿಲ್ಲ.

ಭಾನುವಾರ ಚರ್ಚಿನ ಮುಂದಿನ ಬಯಲಲ್ಲಿ ಸಭೆ ಸೇರಿತು. ಊರ ಅಧ್ಯಕ್ಷ ಮೆಲ್ಚೋರ್ ಕೋಲು ಹಿಡಿದು ನಡುವೆ ನಿಂತ.

"ಕೈ ಹೇಗೆ ಮುರೀತು?"

"ಏಣಿಯಿಂದ ಬಿದ್ಲು," ಎಂದ ನಸಾರಿಯೋ. ಮೂಗು ಊದಿ ಮಾತು ತೊದಲುತ್ತಿತ್ತು. "ನನ್ನವ್ವನ್ನೇ ಕೇಳಿ. ಅವಳು ಅಲ್ಲೇ ಇದ್ಲು."

ಎಲ್ಲರೂ ನನ್ನ ಕಡೆ ತಿರುಗಿದರು. ಹಿಲಾರಿಯೋ ತಲೆ ತಗ್ಗಿಸಿದ. ಮಗ ನನ್ನನ್ನೇ ನೋಡುತ್ತಿದ್ದ, ಚಿಕ್ಕವನಿದ್ದಾಗ ಮಡಕೆ ಒಡೆದು ಅಪ್ಪನ ಮುಂದೆ ನಿಂತು ನೋಡುತ್ತಿದ್ದ ಹಾಗೆ. ಆಗೆಲ್ಲ ನಾನೇ ಒಡೆದೆ ಎಂದು ಹೇಳಿ ಏಟು ತಿಂದಿದ್ದೇನೆ.

"ನಮ್ಮನೇಲಿ ಅಟ್ಟದ ಏಣಿ ಮುರಿದು ಎರಡು ವರ್ಷ ಆಯ್ತು," ಎಂದೆ. "ಹಂಡೆ ಕಲಕೋ ಕೋಲಲ್ಲಿ ಇವನು ಹೊಡೆದ. ಕೈ ಮುರೀತು. ಬಿಸಿ ಸಾರು ಎರಚಿದ. ಸುಳ್ಳು ಹೇಳಿದ್ದು ನಾನು, ಆ ನೂಲಿಗೆ ಬಣ್ಣ ಹಾಕಿ ಮುಚ್ಚಿದ್ದೂ ನಾನು."

"ಅವ್ವಾ, ನಿನ್ನ ಮನೆ ಹಾಳಾಗ!" ಎಂದು ಮಗ ಕೂಗಿದ.

"ಅದು ನಿನ್ನ ಮನೇನೂ ಹೌದು ಕಣೋ," ಎಂದೆ.

ಅವನಿಗೆ ಹನ್ನೆರಡು ಏಟು. ಮೇಲೆ ಒಂದು ವರ್ಷ ಊರಿನ ಗಡಿಯೊಳಗೆ ಕಾಲಿಡಬಾರದು, ಮನೆ, ಕುರಿ, ಹಂಡೆ ಎಲ್ಲ ಹೆಂಗಸರ ಪಾಲಿಗೆ. ಎವಾರಿಸ್ತಕ್ಕನ ಗಂಡ ಕಾಯಿಲೆಯವನು, ಅದಕ್ಕೆ ಚಾಟಿ ಅವಳೇ ಹಿಡಿದಳು. ಒಂದೊಂದನ್ನೂ ಪೂರಾ ಕೊಟ್ಟಳು. ಏಳರ ನಂತರ ಅವನು ಬೈಯುವುದು ನಿಲ್ಲಿಸಿದ, ಹತ್ತರ ನಂತರ ಅಳತೊಡಗಿದ. ನಾನು ಕಣ್ಣು ಮುಚ್ಚಲಿಲ್ಲ.

ಆಮೇಲೆ ಮೆಲ್ಚೋರ್ ಗಂಟಲು ಸರಿಮಾಡಿಕೊಂಡು ಹೇಳಿದ: "ಹೆಂಡತಿಗೆ ಮೂರು. ಪದ್ಧತಿ."

ಲೂಸ್ಮಿಲಾ ಶಾಲು ತೆಗೆಯಲು ಎಡಗೈ ಎತ್ತಿದಳು. ಅಂಗೈಗೆ ಬಟ್ಟೆ ಸುತ್ತಿತ್ತು. ಡೆಲ್ಫಿ ಅವಳ ಲಂಗ ಹಿಡಿದು ನಿಂತಿದ್ದಳು, ಕುತ್ತಿಗೆಯ ಸುತ್ತ ಹಗ್ಗದ ಗುರುತು ಇನ್ನೂ ನೀಲಿಯಾಗಿತ್ತು.

"ಆ ಮೂರು ನನ್ನವು," ಎಂದೆ.

"ನಿನ್ನ ವಯಸ್ಸು ನೋಡ್ಕೋ ಅಜ್ಜಿ."

"ಸುಳ್ಳು ಹೇಳೋವಾಗ ನನ್ನ ವಯಸ್ಸು ಅಡ್ಡ ಬಂತಾ? ಇವಳು ಬೀದಿಗೆ ಏನೂ ತರಲಿಲ್ಲ. ನಾನು ತರೋಕೆ ಬಿಡಲಿಲ್ಲ. ಯಾರ ತಪ್ಪಿಗೆ ಮೂರು?"

ಗುಜುಗುಜು ಎದ್ದಿತು. ಹಿಂದಿನ ಸಾಲಿನ ಮುದುಕಿಯರು ಮೊದಲು ಹೌದೆಂದರು, ಅವರ ಬೆನ್ನಿಗೂ ಆ ಮೂರರ ಗುರುತು ಇತ್ತು. ನಾನು ಮೇಲುಶಾಲು ತೆಗೆದಿಟ್ಟು ಮಂಡಿಯೂರಿದೆ. ಎವಾರಿಸ್ತಕ್ಕ ಚಾಟಿ ಎತ್ತಿ, ಇಳಿಸಿ, "ನನ್ನ ಕೈ ಏಳ್ತಾ ಇಲ್ಲ," ಎಂದಳು.

"ಕೊಡಿ ಅಕ್ಕ," ಎಂದಳು ಲೂಸ್ಮಿಲಾ.

ಅವಳು ಮೆಲ್ಲಗೆ ಮುಟ್ಟಿಸುತ್ತಾಳೆ ಎಂದುಕೊಂಡೆ. ನನ್ನ ಕೈಯಡುಗೆ ಉಂಡ ಹುಡುಗಿ, ಹತ್ತು ವರ್ಷ ನನ್ನ ತಲೆ ಬಾಚಿದ ಹುಡುಗಿ. ಚಾಟಿ ಗಾಳಿಯಲ್ಲಿ ಸುಯ್ಯೆಂದಾಗ ತಿಳಿಯಿತು. ಸುಟ್ಟ ಎಡಗೈಯಲ್ಲೇ ಹೊಡೆದಳು, ಇದ್ದಬದ್ದ ಬಲವೆಲ್ಲ ಹಾಕಿ ಹೊಡೆದಳು.

"ಇದು ಏಣಿಗೆ."

ನಾನು ನೆಲಕ್ಕೆ ಅಂಗೈ ಊರಿದೆ.

"ಇದು ಡೆಲ್ಫಿ ಬಾಯಲ್ಲಿ ಸುಳ್ಳು ಹೇಳಿಸಿದ್ದಕ್ಕೆ."

ಮೂರನೆಯದಕ್ಕೆ ತಡಮಾಡಿದಳು. ಅವಳು ಉಸಿರಾಡುವುದು ಕೇಳುತ್ತಿತ್ತು. ಬಿದ್ದಾಗ ಕಣ್ಣು ಕತ್ತಲಿಟ್ಟಿತು.

"ಇದು, ನಾನು ಬಿದ್ದಾಗ ನೀವು ಮೊದಲು ಹಂಡೆ ನೋಡಿದ್ದಕ್ಕೆ."

ಚಾಟಿಯನ್ನು ನನ್ನ ಪಕ್ಕ ಇಟ್ಟು, ಮಗಳ ಕೈ ಹಿಡಿದು ಮನೆಗೆ ನಡೆದಳು. ಗಂಡನಿಂದ ತಿಂದಿದ್ದೇನೆ, ಅತ್ತೆಯಿಂದ ತಿಂದಿದ್ದೇನೆ, ಇದೇ ಸಭೆಯಲ್ಲಿ ತಿಂದಿದ್ದೇನೆ. ನನಗೆ ಸಲ್ಲಬೇಕಾಗಿದ್ದ ಏಟು ಈ ಮೂರೇ.

ಸಂಜೆ ಅವಳೇ ಬಂದು ನನ್ನ ಬೆನ್ನಿಗೆ ಕೊಬ್ಬು ಸವರಿದಳು.

"ನೋವಾಗ್ತದಾ?"

"ಆಗ್ತದೆ."

"ಆಗ್ಲಿ," ಎಂದು ಸವರಿದಳು. ಆಮೇಲೆ ಮೂವರೂ ಕೂತು ಸಾರು ಕುಡಿದೆವು. ಉಪ್ಪಿನ ಬುಟ್ಟಿ ಕೆಳಗೇ ಇತ್ತು.

ನಸಾರಿಯೋ ಲಾರಿ ಹತ್ತಿ ತಗ್ಗಿನ ಕಾಡಿನ ಸೀಮೆಗೆ ಹೋದ. ಐದು ಕಡ್ಡಿಗಳನ್ನು ಬಿಟ್ಟುಹೋಗಿದ್ದಾನೆ, ಡೆಲ್ಫಿ ಅವುಗಳಲ್ಲಿ ಆಲೂಗಡ್ಡೆ ಬೆಂದಿದೆಯೋ ಎಂದು ಚುಚ್ಚಿ ನೋಡುತ್ತಾಳೆ. ಎವಾರಿಸ್ತಕ್ಕನ ಮಗಳ ಶಾಲಿಗೆ ನೂತವಳೂ ಡೆಲ್ಫಿಯೇ. ದಪ್ಪ ಸಣ್ಣ ಆಗಿತ್ತು, ಆದರೆ ಬಲಹುರಿ. ಎವಾರಿಸ್ತಕ್ಕ ಒಂದೊಂದು ಲಡಿಯನ್ನೂ ಬೆರಳಲ್ಲಿ ಉಜ್ಜಿ ನೋಡಿಯೇ ಒಳಗೆ ಇಟ್ಟುಕೊಂಡಳು.

ಲೂಸ್ಮಿಲಾಳ ಮೂಳೆ ಕೂಡಿತು, ಮಣಿಕಟ್ಟು ಮಾತ್ರ ತಿರುಗಲೇ ಇಲ್ಲ. ಈಗಲೂ ಎಡಗೈಯಲ್ಲೇ ನೂಲುತ್ತಾಳೆ. ಅವಳ ನೂಲನ್ನು ಊರಲ್ಲಿ ಯಾರೂ ಕೊಳ್ಳುವುದಿಲ್ಲ, ಪಟ್ಟಣದ ಅಂಗಡಿಗೆ ಎಷ್ಟು ಕೊಟ್ಟರೂ ಸಾಲದು. ಅಲ್ಲಿಯವರ ಬೆರಳಿಗೆ ಎಡ ಬಲ ತಿಳಿಯುವುದಿಲ್ಲ, ಬಣ್ಣ ಚೆಂದ ಎನ್ನುತ್ತಾರಂತೆ. ಲಡಿ ಕಟ್ಟುವುದು ನನ್ನ ಕೆಲಸ. ದಿನವೂ ಆ ಹುರಿ ನನ್ನ ಬೆರಳಿಗೆ ತಾಗುತ್ತದೆ.

ಮೊನ್ನೆ ಅಂಗಳದಿಂದ, "ಅತ್ತೆ, ಬೇಗ ಬನ್ನಿ!" ಎಂದು ಕೂಗಿದಳು. ಹಂಡೆ ಉಕ್ಕಿ ಒಲೆ ಆರುವುದರಲ್ಲಿತ್ತು, ಒಂದು ವಾರದ ಉಣ್ಣೆ ಅದರೊಳಗಿತ್ತು. ನಾನು ಓಡಿ ಹೋಗಿ ಮೊದಲು ಅವಳ ಮುಖ ನೋಡಿದೆ. ಆಮೇಲೆ ಇಬ್ಬರೂ ಸೇರಿ ಹಂಡೆ ಇಳಿಸಿದೆವು.